ಕೊನೆಯ ಕುತ್ತಿಗೆ

ಅಪ್ಪಾ,

ಥೂ, ಈ ಕಾಲೇಜು! ಇವತ್ತು ಕ್ಲಿನಿಕ್ಕಿನಲ್ಲಿ ನಡೆದದ್ದು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಕೊನೆಯ ವರ್ಷದ ವಿದ್ಯಾರ್ಥಿ ಕರ್ಟ್‌ಗೆ ಪಾಸಾಗಲು ಇನ್ನೊಂದೇ ಕುತ್ತಿಗೆ ಬೇಕಿತ್ತು. ನಿನಗೆ ಗೊತ್ತಲ್ಲ, ಇಷ್ಟು ಬೆನ್ನು, ಇಷ್ಟು ಕುತ್ತಿಗೆ ಲಟಕ್ಕನೆ ನೆಟಿಗೆ ತೆಗೆದ ಮೇಲೇ ಬೆನ್ನೆಲುಬು ಸರಿಪಡಿಸುವ ಈ ಕೈರೋಪ್ರ್ಯಾಕ್ಟಿಕ್ ಪದವಿ. ರೋಗಿಗಳು ಸಿಗದಿದ್ದರೆ ಮನೆಯವರನ್ನೇ ಕರೆತಂದು ಮಲಗಿಸುತ್ತಾರೆ. ಇವನು ತನ್ನೂರು ಡೆಕೋರಾದಿಂದ ತಾಯಿ ಮಾರ್ಲಿಸ್‌ಳನ್ನು ಕರೆಸಿದ್ದ. ಪಾಪ, ಆಕೆ ನನಗೆಂದು ಸಿಹಿಯಾದ ರೂಬಾರ್ಬ್ ಪೈ ಬೇರೆ ಮಾಡಿಕೊಂಡು ಬಂದಿದ್ದಳು.

ಮೇಲ್ವಿಚಾರಕನಾದ ನನ್ನ ಸಹಿಗೆ ಬಂದ ಫಾರಂನಲ್ಲಿ, ತೊಂದರೆಗಳ ಮುಂದೆ "ಏನೂ ಇಲ್ಲ" ಎಂದಿತ್ತು.

"ನಿಜವಾಗ್ಲೂ ಏನೂ ಇಲ್ವಾ?" ಎಂದು ಆಕೆಯನ್ನೇ ಕೇಳಿದೆ.

"ಬೆಳಿಗ್ಗೆಯಿಂದ ಸ್ವಲ್ಪ ತಲೆ ಸುತ್ತುತ್ತಿದೆ, ಅಷ್ಟೇ. ಸಹಿ ಹಾಕ್ಬಿಡಿ ಡಾಕ್ಟ್ರೇ, ಹುಡುಗ ಪಾಸಾಗ್ಲಿ."

"ಸುಮ್ನಿರಮ್ಮ!" ಎಂದ ಕರ್ಟ್. ಅವನಿಗೆ ಮೊದಲೇ ಗೊತ್ತಿತ್ತು.

ತಲೆ ಸುತ್ತುವವರ ಕುತ್ತಿಗೆ ತಿರುಚಿದರೆ ರಕ್ತನಾಳ ಹರಿದು ಲಕ್ವ ಹೊಡೆಯಬಹುದು ಎಂದು ಮೊದಲ ವರ್ಷವೇ ಕಲಿಸುತ್ತೇವೆ. ಫಾರಂ ಹರಿದು ಎಸೆದೆ. ಆಕೆಯನ್ನು ಆಸ್ಪತ್ರೆಗೆ ಕಳಿಸಿದೆ.

"ನೀನೇನು ಮನುಷ್ಯನೇನೋ? ಹೆತ್ತವಳ ಕುತ್ತಿಗೆ ಕಣೋ ಅದು!" ಎಂದು ಎಲ್ಲರೆದುರು ಉಗಿದೆ.

"ಎಲ್ರೂ ಮಾಡೋದೇ ಸರ್. ನೀವು ಮಾಡಿಲ್ವಾ?" ಎಂದ.

ನಾನು ಹೋಗಿ ಕೈ ತೊಳೆದುಕೊಂಡೆ. ಪೈ ಮುಟ್ಟಲಾಗಲಿಲ್ಲ.

ಅಪ್ಪಾ, ನನ್ನ ಕೊನೆಯ ಕುತ್ತಿಗೆಯಾಗಿ ಆ ಮೇಜಿನ ಮೇಲೆ ಮಲಗುವಾಗ ನೀನೂ ತಲೆ ಸುತ್ತುತ್ತಿದೆ ಅಂದಿದ್ದೆ. ನಾನು "ಏನೂ ಇಲ್ಲ" ಎಂದು ಬರೆದೆ. ಆಮೇಲೆ ನೀನು ಹೋಗುವವರೆಗೆ ಒಂಬತ್ತು ವರ್ಷ ಅಮ್ಮ ನಿನಗೆ ಚಮಚದಲ್ಲಿ ಸೂಪು ಕುಡಿಸಿದಳು. ನೀನು ಅವಳಿಗೆ ಹೇಳಲಿಲ್ಲ.

ನಾನೂ ಹೇಳಲಿಲ್ಲ.