ವಿನುತಾಳ ಪೂರ್ಣ ಅಂಕ

ಬೆಳಂಬಾರ, ಅಂಕೋಲಾ ತಾಲೂಕು

ಡಾಕ್ಟರ್ ಸುಜಯ ಅವರಿಗೆ,

ಚಿಕ್ಕ ಮಕ್ಕಳ ಉಚ್ಚಾರ ದೋಷ ಪತ್ತೆಹಚ್ಚುವ ನಿಮ್ಮ ಚಿತ್ರಪರೀಕ್ಷೆ ನಂಬಿಕೆಗೆ ಅರ್ಹವೆಂದು ನೀವೇ ಬರೆದ ವರದಿ ತಲುಪಿತು. ಹದಿನೈದು ದಿನ ಬಿಟ್ಟು ಬೇರೆ ಪರೀಕ್ಷಕರು ಬಂದಾಗಲೂ ನಮ್ಮ ಅಂಗನವಾಡಿಯ ಇಪ್ಪತ್ತೆರಡು ಮಕ್ಕಳಿಗೂ ಮೊದಲಿನ ಅಂಕವೇ ಬಂದದ್ದು ಸಾಕ್ಷಿ ಎಂದಿದ್ದೀರಿ.

ಬರದೆ ಎಲ್ಲಿಗೆ ಹೋದೀತು? ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕಾದ ಚಿತ್ರಗಳನ್ನು ಇಬ್ಬರು ಪರೀಕ್ಷಕರೂ ಇಡೀ ಗುಂಪಿಗೆ ಎತ್ತಿ ತೋರಿಸಿದರು. ನಮ್ಮ ಮಕ್ಕಳಿಗೆ ಒಟ್ಟಿಗೆ ಪದ್ಯ ಹೇಳಿ ರೂಢಿ, ಚಿತ್ರದ ಹೆಸರನ್ನು ಒಕ್ಕೊರಲಿನಿಂದ ಕೂಗಿದರು. ಎಲ್ಲರ ಹಾಳೆಗೂ ಸರಿ ಗುರುತು ಬಿತ್ತು. ನಾನು ಬಾಯಿ ತೆರೆದಾಗ ಆ ಇಬ್ಬರೂ, "ನಿಮಗಿದೆಲ್ಲ ಗೊತ್ತಾಗಲ್ಲ ಮೇಡಂ" ಎಂದು ಹನ್ನೆರಡರ ಬಸ್ಸು ಹಿಡಿದರು. ನಿಜ, ನನಗೆ ಗೊತ್ತಿರುವುದು ಮಕ್ಕಳ ಮಾತು ಮಾತ್ರ.

ಗದ್ದೆ ಕೂಲಿಗೆ ಹೋಗುವ ಈರಮ್ಮನ ಮಗಳು ವಿನುತಾಳಿಗೂ ಪೂರ್ಣ ಅಂಕ. ಐದು ವರ್ಷದ ಆ ಹುಡುಗಿಯ ಮಾತು ಹೆತ್ತವಳಿಗೇ ಅರ್ಧ ತಿಳಿಯುವುದಿಲ್ಲ. ಆರು ತಿಂಗಳು ಬೆನ್ನುಬಿದ್ದು, ಶನಿವಾರ ಶನಿವಾರ ಅವಳನ್ನು ಕಾರವಾರಕ್ಕೆ ಸ್ಪೀಚ್ ಥೆರಪಿಗೆ ಕರೆದೊಯ್ಯುವಂತೆ ಮಾಡಿದ್ದೆ. ನಿಮ್ಮ ಕಾಗದ ಬಂದ ಮೇಲೆ ಈರಮ್ಮ ನಿಲ್ಲಿಸಿಬಿಟ್ಟಳು. "ಡಾಕ್ಟ್ರೇ ಪಾಸ್ ಮಾಡೀರಲ್ರಾ ಅಕ್ಕೋರೆ, ಇನ್ನೆಂತಕೆ ಹೋಗೂದು?" ಎನ್ನುತ್ತಾಳೆ.

ಒಮ್ಮೆ ನೀವೇ ಬನ್ನಿ. ಚಿತ್ರಗಳು ಬೇಡ. ವಿನುತಾಳನ್ನು ಒಬ್ಬಳನ್ನೇ ಕೂರಿಸಿಕೊಂಡು ಹೆಸರು ಕೇಳಿ. ಹೇಳುತ್ತಾಳೆ. ತಿಳಿಯದಿದ್ದರೆ ನಿಮ್ಮ ಕಿವಿಯನ್ನು ಯಾರಿಗಾದರೂ ತೋರಿಸಿ. ನಿಮ್ಮ ವರದಿಯ ಪ್ರಕಾರ ಅವಳ ಮಾತಿನಲ್ಲಿ ದೋಷವಿಲ್ಲ.

ಇಂತಿ,
ಮಂದಾಕಿನಿ
ಅಂಗನವಾಡಿ ಕಾರ್ಯಕರ್ತೆ