ಮೀಸೆಯ ಕೆಳಗೆ ಕತ್ತಲೆ

ಗಡಿಯಾರದ ಅಂಗಡಿ,
ಬುಧವಾರ, ೨೧ನೇ ತಾರೀಕು, ಮಧ್ಯಾಹ್ನ

ಮುದ್ದು ಗುಬ್ಬೀ,

ಹೇಗಿದ್ದೀಯಮ್ಮ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಕ್ರೇನಿನ ಗೂಡಿನಲ್ಲಿ ಕೂತು ಕೆಳಗೆ ಬಗ್ಗಿ ನೋಡುವವರಿಗೆ ಕುತ್ತಿಗೆ ಹಿಡಿದುಕೊಳ್ಳದೆ ಇರುವುದಿಲ್ಲ. ನಲವತ್ತು ವರ್ಷದಿಂದ ಕೈಗಡಿಯಾರಗಳ ಮೇಲೆ ಬಗ್ಗಿಕೊಂಡೇ ಇರುವ ನನಗೆ ಅದರ ಕಾಟ ಗೊತ್ತು. ಬಿಸಿನೀರಿನ ಶಾಖ ಕೊಟ್ಟುಕೊ, ಸೋಮಾರಿತನ ಮಾಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಕಿವಿ ಮಾತ್ರ ನಿನಗೆ ಗೊತ್ತಿರುವುದಕ್ಕಿಂತ ಮಂದವಾಗಿದೆ. ಸದ್ದು ಬರುತ್ತದೆ, ಮಾತು ಬಿಡಿಬಿಡಿಯಾಗಿ ಬರುವುದಿಲ್ಲ. ಡಾಕ್ಟರು ಕೊಟ್ಟ ಕಿವಿಯ ಮೆಷಿನ್ನಿನಲ್ಲಿ ಮನುಷ್ಯರಿಗಿಂತ ಪಾತ್ರೆಗಳೇ ಜೋರಾಗಿ ಮಾತಾಡುತ್ತವೆ ಎಂದು ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ್ದಾಳೆ. ಎದುರಿಗೆ ಕೂತವರ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾಳೆ. ನಾನು ಸದ್ದಿಲ್ಲದೆ ಗೊಣಗಿಕೊಂಡರೂ ಸಿಕ್ಕಿಬೀಳುತ್ತೇನೆ. ಆದರೆ ಫೋನಿನ ಅಂಗೈಯಗಲದ ಪರದೆಯಲ್ಲಿ ನಿನ್ನ ತುಟಿ ಎಳ್ಳುಕಾಳಿನಷ್ಟು ಕಾಣುತ್ತದೆ. "ದೊಡ್ಡ ಪರದೆ ಒಂದಿದ್ರೆ ನನ್ನ ಮಗಳ ಮಾತು ನಾನೇ ತಿಳ್ಕೋತೀನಿ, ನಿಮ್ಮ ಮಧ್ಯಸ್ಥಿಕೆ ಬೇಡ" ಎಂದು ಒಂದು ದಿನ ಹಟ ಹಿಡಿದಳು. ಅವಳು ಏನನ್ನಾದರೂ ಬೇಕು ಎಂದು ಕೇಳಿದ್ದು ನನಗೆ ನೆನಪಿಲ್ಲ. ಹಾಗಾಗಿ ಎರಡನೇ ಮಾತಾಡಲಿಲ್ಲ.

ಹೊಸ ಕಂಪ್ಯೂಟರು ನಮ್ಮ ಕೈಗೆಟುಕುವಂಥದ್ದಲ್ಲ. ಆನ್‌ಲೈನಿನಲ್ಲಿ ಹುಡುಕಿ ಯಾರೋ ಬಳಸಿದ್ದೊಂದನ್ನು ತರಿಸಿದೆವು. "ಪರದೆ ಹೊಸದರಂತಿದೆ, ಒಂದು ಗೆರೆಯೂ ಇಲ್ಲ. ತೊಂದರೆ ಇದ್ದರೆ ಹತ್ತು ದಿನದೊಳಗೆ ವಾಪಸ್" ಎಂದು ಬರೆದಿದ್ದರು. ಎರಡನೇ ತಾರೀಕು ಪೆಟ್ಟಿಗೆ ಬಂತು. ಪರೀಕ್ಷೆಗೆಂದು ನಿನ್ನ ಸೋದರಮಾವನಿಗೆ ವಿಡಿಯೊ ಕರೆ ಮಾಡಿದೆವು. ಅರ್ಧ ಗಂಟೆ ಎಲ್ಲ ಸರಿಯಿತ್ತು. ಯಂತ್ರ ಬಿಸಿಯಾಯಿತು ನೋಡು, ಪರದೆಯ ಕೆಳಗಿನ ಅರ್ಧ ಕಪ್ಪಾಯಿತು. ನಿನ್ನ ಮಾವ ಮೀಸೆಯವರೆಗೆ ಇದ್ದ, ಮೀಸೆಯ ಕೆಳಗೆ ಕತ್ತಲೆ. ಅಮ್ಮ ಸ್ವಲ್ಪ ಹೊತ್ತು ಆ ಕತ್ತಲೆಯನ್ನೇ ನೋಡಿ, "ಇದಕ್ಕಿಂತ ಗೋಡೆ ಮೇಲಿನ ಫೋಟೋ ವಾಸಿ" ಎಂದು ಎದ್ದುಹೋದಳು. ನನಗೆ ತುಂಬಾ ನೋವಾಯಿತು.

ಇನ್ನು ನಾನು ಮಾಡಿದ ಘನಕಾರ್ಯ ಕೇಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಕೆಟ್ಟ ವಸ್ತು ಕಣ್ಣೆದುರು ಇದ್ದರೆ ನನಗೆ ಅದರ ಬೆನ್ನು ಬಿಚ್ಚದೆ ಊಟ ಸೇರುವುದಿಲ್ಲ. ಮಾರನೆಯ ದಿನ ಅದನ್ನು ಅಂಗಡಿಗೆ ಹೊತ್ತುಕೊಂಡು ಬಂದೆ. ನಿನ್ನ ಅಮ್ಮನೂ ಜೊತೆಗೆ ಬಂದು, ಬಿಚ್ಚುವ ಮೊದಲೇ ಮನೆಗೆ ಹೊರಟುಹೋದಳು. ಸ್ಕ್ರೂ ತೆಗೆದು ಮುಚ್ಚಳ ಎತ್ತುವಾಗ ಚರ್ ಎಂದು ಏನೋ ಹರಿಯಿತು. ನೋಡಿದರೆ ಬೆನ್ನಿನ ಮೇಲಿದ್ದ ಸ್ಟಿಕ್ಕರ್. ಭೂತಕನ್ನಡಿ ಹಿಡಿದು ಓದಿದೆ: "ಇದು ಹರಿದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ." ಹರಿದ ಮೇಲೆ ಓದುವುದು ನಮ್ಮ ವಂಶದ ಬುದ್ಧಿ.

ಅದನ್ನು ಮಾರಿದ ಅಂಗಡಿಯವರಿಗೆ ಫೋನ್ ಮಾಡಿದೆ. ಒಬ್ಬ "ಬಳಸಿದ ಮಾಲು ಸಾರ್, ಹೆಚ್ಚುಕಮ್ಮಿ ಇರತ್ತೆ" ಎಂದ. ಇನ್ನೊಬ್ಬ "ನೀವೇ ಬಿಚ್ಚಿ ಹಾಳು ಮಾಡಿದ್ದೀರಲ್ಲ" ಎಂದ. ಮೂರನೆಯವನದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನಾಲ್ಕು ದಿನ ಹೀಗೇ ಕಳೆಯಿತು. ಅವರು ಹೇಳುವುದರಲ್ಲೂ ಅರ್ಥವಿದೆ ಎಂದು ನನಗೇ ಅನ್ನಿಸತೊಡಗಿತು; ತಪ್ಪು ನನ್ನದು ಎಂದುಕೊಂಡವನ ಬಾಯಿ ಎಲ್ಲಿ ಏಳುತ್ತದೆ? ಕೊನೆಗೆ ಅಮ್ಮನ ಎದುರು ಕೂತು, ತುಟಿ ಬಿಡಿಸಿ ಬಿಡಿಸಿ, ಆದದ್ದೆಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆದರೆ ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ಬಂದವಳಲ್ಲವೇ, ಎಷ್ಟು ದೂರು ನೋಡಿದ್ದಾಳೋ. "ನನಗೆ ಕಿವಿ ಕೇಳಲ್ಲ. ಏನಿದ್ರೂ ಬರೆದು ಕೊಡ್ಲಿ" ಎಂದು ಅವರಿಗೆ ಮೇಲ್ ಹಾಕಿಸಿದಳು. ಬಾಯಲ್ಲಿ ಜಾರಿಕೊಳ್ಳುತ್ತಿದ್ದವರು ಬರವಣಿಗೆಯಲ್ಲಿ ಸಿಕ್ಕಿಬಿದ್ದರು. ಮೊದಲನೆಯ ಉತ್ತರದಲ್ಲಿ, ಈ ಮಾದರಿಯ ಪರದೆ ಬಿಸಿಯಾದಾಗ ಹೀಗಾಗುವುದು ಮಾಮೂಲು ಎಂದರು. ಎರಡನೆಯದರಲ್ಲಿ, ನೀವು ಬಿಚ್ಚಿದ್ದರಿಂದಲೇ ಹೀಗಾಯಿತು ಎಂದರು. ಅಮ್ಮ ಎರಡನ್ನೂ ಅಕ್ಕಪಕ್ಕ ಇಟ್ಟು ನಕ್ಕಳು. ಆಮೇಲೆ ನನ್ನ ರಿಜಿಸ್ಟರ್ ತರಲು ಹೇಳಿದಳು.

ನಿನಗೆ ಗೊತ್ತಲ್ಲ, ಯಾವ ಗಡಿಯಾರ ಬಂದರೂ ಬಿಚ್ಚುವ ಮೊದಲು ಅದರ ಸ್ಥಿತಿ ಬರೆದು, ಗಿರಾಕಿಯ ಸಹಿ ಹಾಕಿಸಿ, ಚೀಟಿ ಕಟ್ಟುವುದು ನನ್ನ ಪದ್ಧತಿ. ನನ್ನ ಗುರುಗಳು ಕಲಿಸಿದ್ದು. ಕಂಪ್ಯೂಟರಿಗೂ ಹಾಗೇ ಮಾಡಿದ್ದೆ! "೩ನೇ ತಾರೀಕು, ಬೆಳಿಗ್ಗೆ ಹತ್ತೂಕಾಲು. ಅರ್ಧ ಗಂಟೆ ಓಡಿದ ಮೇಲೆ ಪರದೆಯ ಕೆಳಭಾಗ ಕಪ್ಪು. ಹಿಂದಿನ ಸ್ಟಿಕ್ಕರ್ ಸರಿಯಾಗಿದೆ." ಕೆಳಗೆ ಗಿರಾಕಿಯ ಸಹಿ, ನಿನ್ನ ಅಮ್ಮನದು. ಅವತ್ತು "ಕಟ್ಟಿಕೊಂಡ ಹೆಂಡತಿಗೂ ಸಹಿಯೇ?" ಎಂದು ಅಣಕಿಸಿಯೇ ಹಾಕಿದ್ದಳು. ಸ್ಟಿಕ್ಕರ್ ಸರಿಯಾಗಿದೆ ಎಂದು ಬರೆದವನು ಅದರಲ್ಲೇನಿದೆ ಎಂದು ಓದಬಾರದಿತ್ತೇ, ಅದು ಬೇರೆ ವಿಷಯ.

ಆ ಪುಟದ ಫೋಟೋ, ಅವರ ಎರಡು ಉತ್ತರ, ಮೊದಲು ಅವರು ಹಾಕಿದ್ದ ವಿವರಣೆ ಎಲ್ಲವನ್ನೂ ಸೇರಿಸಿ ಒಂಬತ್ತನೆಯ ದಿನವೇ ಅಮ್ಮ ಅವರಿಗೊಂದು, ಗ್ರಾಹಕರ ದೂರು ಕೇಂದ್ರಕ್ಕೊಂದು ಕಳಿಸಿದಳು. ಅದರಲ್ಲಿ ಒಂದು ಸಾಲು ನನಗೆ ಬಾಯಿಪಾಠವಾಗಿದೆ: "ನಾವು ಹಳೆಯ ವಸ್ತುವನ್ನು ಕೊಂಡಿದ್ದೇವೆ, ಸುಳ್ಳನ್ನು ಕೊಂಡಿಲ್ಲ." ದೂರು ಕೇಂದ್ರದ ಹುಡುಗಿ ನನಗೆ ಫೋನ್ ಮಾಡಿ, ಬಳಸಿದ್ದಾದರೂ ಹೇಳಿದ ಹಾಗೆ ಇರಬೇಕು, ದೋಷ ಮೊದಲೇ ಇತ್ತು ಅಂದ ಮೇಲೆ ಸ್ಟಿಕ್ಕರ್ ನೆಪ ನಡೆಯುವುದಿಲ್ಲ ಎಂದಳು. "ಯಾರು ಸಾರ್ ಬರೆದಿದ್ದು? ಎಷ್ಟು ನೀಟಾಗಿದೆ" ಎಂದೂ ಕೇಳಿದಳು. ನನ್ನ ಹೆಂಡತಿ ಎಂದೆ, ಸ್ವಲ್ಪ ಜೋರಾಗಿಯೇ.

ಅಂಗಡಿಯವರು ತೆಪ್ಪಗೆ ಒಪ್ಪಿಕೊಂಡರು. ಹಣ ಬೇಕೋ ಬೇರೆ ಯಂತ್ರ ಬೇಕೋ ಎಂದು ಕೇಳಿದಾಗ ಅಮ್ಮ ಯಂತ್ರವನ್ನೇ ಆರಿಸಿಕೊಂಡಳು. ಮೊನ್ನೆ ಬಂತು. ಎರಡು ಗಂಟೆ ಓಡಿಸಿದರೂ ನಿನ್ನ ಮಾವ ಗದ್ದದವರೆಗೆ ಪೂರ್ತಿ ಇದ್ದ. ನಡುವೆ ಅವನು ಪಕ್ಕಕ್ಕೆ ತಿರುಗಿ ಅತ್ತೆಗೆ "ಇನ್ನೂ ಎಷ್ಟೊತ್ತು ಮುಖ ತೋರಿಸ್ಕೊಂಡು ಕೂರ್ಲಿ" ಎಂದು ಪಿಸುಗುಟ್ಟಿದ್ದನ್ನೂ ಅಮ್ಮ ಹಿಡಿದಳು. ಅವನ ಮುಖ ನೋಡಬೇಕಿತ್ತು ನೀನು. ಈಗ ಯಂತ್ರದ ಬೆನ್ನಿಗೆ ಅವಳೇ ಒಂದು ಚೀಟಿ ಅಂಟಿಸಿದ್ದಾಳೆ, "ಬಿಚ್ಚಿದವರಿಗೆ ಊಟವಿಲ್ಲ" ಎಂದು. ದೊಡ್ಡ ಅಕ್ಷರ. ನಾನು ಸಂತೋಷವಾಗಿದ್ದೇನೆ ಗುಬ್ಬೀ.

ಭಾನುವಾರ ಸಂಜೆ ಐದಕ್ಕೆ ಕರೆ ಮಾಡು, ಅಮ್ಮ ನಾಲ್ಕಕ್ಕೇ ಕೂತಿರುತ್ತಾಳೆ. ಹತ್ತುವಾಗಲೂ ಇಳಿಯುವಾಗಲೂ ಬೆಲ್ಟ್ ಬಿಗಿಯಾಗಿ ಕಟ್ಟಿಕೊ. ನಿನ್ನ ಕೈ ಎತ್ತಿದ್ದೆಲ್ಲ ನೆಟ್ಟಗೆ ನಿಲ್ಲಲಿ, ನೂರು ಕಾಲ ಸುಖವಾಗಿರು.

ನಿನ್ನನ್ನು ದಿನಕ್ಕೆ ಹತ್ತು ಸಲ ನೆನೆಯುವ
ಅಪ್ಪ

ತಾ.ಕ.: ಇದನ್ನು ಮೆಸೇಜಿನಲ್ಲಿ ಬರೆಯಲಾಗಲಿಲ್ಲ, ನನ್ನ ಫೋನನ್ನು ಅಮ್ಮನೂ ಓದುತ್ತಾಳೆ. ಹೋದ ತಿಂಗಳು ನಾನು ಅಂಗಡಿಯಲ್ಲಿದ್ದಾಗ ನೀನು ಅವಳಿಗೆ ಫೋನ್ ಮಾಡಿ ಅಳುತ್ತಿದ್ದೆಯಂತೆ. ಏನೋ ಬಹಳ ಹೊತ್ತು ಹೇಳಿದೆಯಂತೆ. ಅವಳು "ಆಯ್ತು ಬಿಡಮ್ಮ, ನಿನ್ನಿಷ್ಟ" ಎಂದು ಫೋನ್ ಇಟ್ಟಳು. ಗುಬ್ಬೀ, ಅವಳಿಗೆ ಕೇಳಿಸಿದ್ದು ಅಳು ಮಾತ್ರ. ಒಂದು ಮಾತೂ ತಿಳಿಯಲಿಲ್ಲ. "ಅಷ್ಟು ಅತ್ತು ಹೇಳಿದ್ದನ್ನ ಇನ್ನೊಂದ್ಸಲ ಹೇಳು ಅಂತ ಯಾವ ಬಾಯಲ್ಲಿ ಕೇಳ್ಲಿ" ಎಂದು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದವಳು ನಿನ್ನೆ ರಾತ್ರಿ ನನಗೆ ಹೇಳಿದಳು. ಪರದೆ ಬೇಕೆಂದು ಹಟ ಹಿಡಿದದ್ದು ಅದರ ಮಾರನೆಯ ದಿನವೇ. ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ, ಹೇಳಲೂ ಬೇಡ. ಭಾನುವಾರ ಅವಳಿಗೆ ಅದನ್ನು ಇನ್ನೊಮ್ಮೆ ಹೇಳು. ಬೆಳಕಿಗೆ ಮುಖ ಮಾಡಿ ಕೂತುಕೊ, ಬಾಯಿಗೆ ಕೈ ಅಡ್ಡ ಇಡಬೇಡ, ನಿಧಾನವಾಗಿ ಹೇಳು. ಅವತ್ತು ಅಂಗಡಿಗೆ ರಜೆ, ಆದರೂ ನಾನು ಅಂಗಡಿಯಲ್ಲೇ ಇರುತ್ತೇನೆ.