ಗದೆ ಹೊತ್ತ ಅಪ್ಪನ ಕಾರ್ಡು

ಕೊಟ್ಟೂರು
9 ಸೆಪ್ಟೆಂಬರ್ 2024

ಪ್ರೀತಿಯ ಗುರಣ್ಣಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಫೋನಂತೂ ನೀನು ಎತ್ತುವುದಿಲ್ಲ. ಕಾಗದವಾದರೆ ಎದುರುತ್ತರ ಕೇಳುವುದಿಲ್ಲ, ಓದು. ನಾವು ಹೀಗೇ ಇದ್ದೇವೆ. ಅವ್ವನ ಕಣ್ಣು ಮಾತ್ರ ದಿನದಿಂದ ದಿನಕ್ಕೆ ಮಂಜಾಗುತ್ತಿದೆ, ಇನ್ನು ತಿಳಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಪೂರ್ತಿ ಕತ್ತಲಾಗುವ ಮೊದಲು ಒಂದೇ ಒಂದು ಸಲ ಅಪ್ಪನ ಮುಖ ನೋಡಬೇಕು ಎನ್ನುತ್ತಾಳೆ.

ದೇವರ ಜಗಲಿಯ ಮೇಲಿನ ಫೋಟೋ ಕಾರ್ಡು ನಿನಗೆ ಗೊತ್ತಲ್ಲ, ಕುಸ್ತಿ ಗೆದ್ದಾಗ ಅಪ್ಪ ಗದೆ ಹೊತ್ತು ತೆಗೆಸಿದ ಎರಡು ಪ್ರತಿಗಳಲ್ಲಿ ಒಂದು. ಅಪ್ಪ ಹೋದಮೇಲೆ ಅವ್ವ ಪ್ರತಿ ಸೋಮವಾರ ಅದರ ಹಣೆಗೆ ವಿಭೂತಿ ಹಚ್ಚುತ್ತ, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಹಚ್ಚುತ್ತ ಬಂದಳು. ಗಾಜು ಹಾಕಿಸೋಣವೆಂದರೆ, "ಗಾಜಿಗೆ ಈಬತ್ತಿ ಹಚ್ಚಿದ್ರ ಅವ್ರ ಹಣಿಗೆ ಹತ್ತತೈತೇನು?" ಎಂದು ನನ್ನನ್ನೇ ಬೈದಿದ್ದಳು. ಈಗ ಗದೆ ಇದೆ, ಲಂಗೋಟಿ ಇದೆ, ಕುತ್ತಿಗೆಯಿಂದ ಮೇಲೆ ಏನೂ ಇಲ್ಲ.

ಹರಪನಹಳ್ಳಿಯಲ್ಲಿ ಗಂಗಾಧರ ಎಂಬವರು ಹಳೆಯ ಆಟಗಾರರ ಫೋಟೋ ಕಾರ್ಡುಗಳನ್ನು ಕೊಂಡು ಮಾರುತ್ತಾರೆ. ಸರಿಮಾಡುವ ದಾರಿ ಗೊತ್ತಿರಬಹುದೆಂದು ಒಯ್ದೆ. ಭೂತಗನ್ನಡಿ ಹಿಡಿದು ನೋಡಿ, ಅಚ್ಚಿನ ಚುಕ್ಕಿ ಇಲ್ಲ, ಅಸಲಿ ಫೋಟೋನೇ ಎಂದರು. ಕಾರ್ಡಿನ ಬೆನ್ನಿಗಿದ್ದ ವಿಳಾಸದ ಗೆರೆ, ಸ್ಟಾಂಪಿನ ಚೌಕ ನೋಡಿ ಕಾಲವನ್ನೂ ಹೇಳಿದರು. ಆಮೇಲೆ ಅಪ್ಪನ ಹೆಸರು ಕೇಳಿಕೊಂಡು, "ಮಾರಿನೇ ಇಲ್ಲಲ್ರೀ ಅಕ್ಕಾರ, ಬೆಲಿ ಎಲ್ಲಿಂದ ಕಟ್ಟೂದು? ಹಾಲೇಶಪ್ಪ ಪೈಲ್ವಾನರದು ಚಲೋದೊಂದು ನನ್ನ ಹತ್ರ ಐತಿ ನೋಡ್ರಿ" ಎಂದು ಆಲ್ಬಮ್ ತೆಗೆದರು.

ಗುರಣ್ಣಾ, ಅಪ್ಪ ನಗುತ್ತಿದ್ದ. ಕಣ್ಣು, ಹುಬ್ಬಿನ ಕಲೆ, ಎಲ್ಲ ನಿಚ್ಚಳ. ಹಿಂದೆ ಪೆನ್ಸಿಲಿನಲ್ಲಿ ನಿನ್ನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ: ನಮ್ಮ ಅಪ್ಪ. ಮನೆ ಬಿಡುವಾಗ ನೀನು ಒಯ್ದ ಕಾರ್ಡು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳುತ್ತೇನೆಂದು ಅಂಗಲಾಚಿದೆ. ನಕಲು ಹರಿದಾಡಿದರೆ ಬೆಲೆ ಬೀಳುತ್ತದೆ, ಆಗಲೇ ಬೇರೆಯವರಿಗೆ ಮಾತಾಗಿದೆ ಎಂದು ಆಲ್ಬಮ್ ಮುಚ್ಚಿದರು. ಅಪ್ಪನನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ. ನಿನ್ನ ಮೇಲೆ ಸಿಟ್ಟು ಬಂತು, ಅಳು ಅದಕ್ಕಿಂತ ಜಾಸ್ತಿ ಬಂತು.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ಕೊಟ್ಟೂರೇಶ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಭಾಗ್ಯ

ತಾ.ಕ.: ಅವ್ವನಿಗೆ ಇದೊಂದೂ ಹೇಳಿಲ್ಲ. "ನನ್ನ ಗುರು ಅದನ್ನ ಜತನ ಇಟ್ಟಿರ್ತಾನ, ತರ್ತಾನ" ಎಂದು ಬಾಗಿಲ ಕಡೆಗೇ ಮುಖ ಮಾಡಿ ಕೂಡುತ್ತಾಳೆ. ಕಾರ್ಡು ಇನ್ನು ಸಿಗುವುದಿಲ್ಲ. ನೀನು ಬರುತ್ತೀಯೆಂಬ ಆಸೆಯೂ ನನಗಿಲ್ಲ. ಆದರೂ ಬರೆದುಬಿಡುತ್ತೇನೆ: ಆ ಕಣ್ಣು, ಆ ನಗು ನಿನಗೇ ಬಂದಿವೆ. ಬರಿಗೈಯಲ್ಲೇ ಬಾ, ಅವ್ವ ನೋಡಲಿ.